ಎರಡನೇ ಕೀಲಿ

ಹೋದ ವಾರ ಬೆಳಗಾವಿಯಲ್ಲಿ ಒಂದು ಬಾಡಿಗೆ ಇ-ಸೈಕಲ್ ಹತ್ತಿದೆ. ಕಾಲು ನೆಲಕ್ಕೆ ಎಟುಕಲಿಲ್ಲ. ನನಗಿಂತ ಮುಂಚೆ ಯಾರೋ ಉದ್ದ ಕಾಲಿನವರು ಸೀಟು ಏರಿಸಿಟ್ಟು ಹೋಗಿದ್ದರು. ಚಕ್ರಕ್ಕೆ ಎರೆಮಣ್ಣು ಮೆತ್ತಿತ್ತು. ಯಾರಿರಬಹುದು, ಯಾವ ಹೊಲದ ದಾರಿ ಹಿಡಿದಿದ್ದರು ಎಂದುಕೊಳ್ಳುತ್ತ ಸೀಟು ಇಳಿಸತೊಡಗಿದೆ. ಗಣಿತದ ಸರ್ ನೆನಪಾದರು...

ನನಗೀಗ ಸೈಕಲ್ಲುಗಳದ್ದೇ ಕೆಲಸ. ಸಾಂಬ್ರಾದ ವಿಮಾನ ನಿಲ್ದಾಣದಿಂದ ಖಾನಾಪುರದವರೆಗೆ ಎಲ್ಲೆಲ್ಲಿ ಸೈಕಲ್ ಸ್ಟ್ಯಾಂಡ್ ಬೇಕು, ರೈಲು ಬಸ್ಸು ಇಳಿದವರು ಮುಂದೆ ಹೇಗೆ ಹೋಗಬೇಕು ಎಂದು ನಕ್ಷೆ ಮಾಡುವ ತಂಡದಲ್ಲಿದ್ದೇನೆ. ಎಲ್ಲರೂ ಇದನ್ನು ಹೊಸ ಯೋಜನೆ ಎನ್ನುತ್ತಾರೆ. ಎಲ್ಲಿಯ ಹೊಸದು? ಖಾನಾಪುರದ ಹೈಸ್ಕೂಲಿನಲ್ಲಿ ನಾನು ಇದನ್ನು ಎಂದೋ ಕಂಡಿದ್ದೆ.

ಸರ್ ದಿನಾ ಬೆಳಗಾವಿಯಿಂದ ರೈಲಿಗೆ ಬರುತ್ತಿದ್ದರು. ಸ್ಟೇಶನ್ನಿನಿಂದ ಶಾಲೆಗೆ ಬರಲು ಒಂದು ಹಳೆಯ ಸೈಕಲ್ ಇಟ್ಟಿದ್ದರು. ದಿನವಿಡೀ ಅದು ಸುಮ್ಮನೆ ನಿಲ್ಲುವುದೇಕೆಂದು, ಶಾಲೆಯ ಗೇಟಿನ ಬಾಜು ಚಹಾದಂಗಡಿ ಇಟ್ಟಿದ್ದ ಮುದುಕಿ ಆಯಿಯ ಗೋಡೆಗೆ ಮೊಳೆ ಹೊಡೆದು ಕೀಲಿ ತೂಗುಹಾಕಿದರು. ಯಾರು ಬೇಕಾದರೂ ಒಯ್ಯಬಹುದು, ಕೇಳಬೇಕಾಗಿಲ್ಲ. ಸಂಜೆ ಗಂಟೆ ಹೊಡೆಯುವುದರೊಳಗೆ ತಂದು ನಿಲ್ಲಿಸಬೇಕು, ಅಷ್ಟೇ.

ಗಂಟೆ ಹೊಡೆದ ಮೇಲೆ ಸರ್ ಸೈಕಲ್ಲಿಗೆ ಒಂದು ಸುತ್ತು ಹಾಕುತ್ತಿದ್ದರು. ಹಿಂದೆ ನಮ್ಮ ಹಿಂಡು. ಒಂದು ಸಂಜೆ ಅಂದರು:

‘ಎರಿ ಮಣ್ಣ ಹತ್ತೇತಿ. ಬೀಡಿ ಊರಿನ ರೋಡ್ ಕಡೆ ಹೋಗ್ಯಾರ. ಸೀಟ ಇಳಿಸ್ಯಾರ, ಅಂದ್ರ ಗಿಡ್ಡ ಮನಷ್ಯಾ.’

ಊಹೆ ಅರ್ಧಕ್ಕರ್ಧ ಸಲ ಸುಳ್ಳಾಗುತ್ತಿತ್ತು. ಅಂದಿನ ಗಿಡ್ಡ ಮನುಷ್ಯ ಗಂಡಸಲ್ಲ, ನಮ್ಮವ್ವ. ಅಪ್ಪ ಅವಳ ತವರಿನವರೊಂದಿಗೆ ಮಾತು ಬಿಟ್ಟಿದ್ದ. ಅವ್ವ ಹಗಲಲ್ಲಿ ಅದೇ ಸೈಕಲ್ ಹತ್ತಿ ತವರಿಗೆ ಹೋಗಿ ಬರುತ್ತಿದ್ದಳು. ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಸರ್ ಒಬ್ಬರಿಗೇ ಮೆಲ್ಲಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಲೆಕ್ಕ ತಪ್ಪಿದ್ದಕ್ಕೆ ಅಷ್ಟು ಖುಷಿಪಡುವ ಗಣಿತದ ಮಾಸ್ತರರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಒಂದು ದಿನ ಗಂಟೆ ಹೊಡೆದರೂ ಸೈಕಲ್ ಬರಲಿಲ್ಲ. ಸರ್ ನಡೆದುಕೊಂಡು ಹೋದರು, ರೈಲು ತಪ್ಪಿತು. ಮರುದಿನವೂ ಸೈಕಲ್ ಇಲ್ಲ. ಆಯಿಗೆ ತನ್ನದೇ ತಪ್ಪು ಅನ್ನಿಸಿಬಿಟ್ಟಿತ್ತು.

‘ಇನ್ನ ಮ್ಯಾಲ ಕೀಲಿ ನನ್ನ ಗಲ್ಲಾಪೆಟ್ಟಿಗ್ಯಾಗ ಇಡತೀನ್ರಿ ಮಾಸ್ತರ. ಹೆಸರ ಹೇಳಿದವ್ರಿಗಷ್ಟ ಕೊಡತೀನಿ.’

‘ಬ್ಯಾಡ್ರಿ ಆಯಿ. ಕೇಳಾಕ ನಾಚೂ ಮಂದಿ ಇರತಾರ. ಮೊಳಿಗೆ ಇದ್ರ ಒಯ್ತಾರ, ಗಲ್ಲಾದಾಗ ಇದ್ರ ಹೊಳ್ಳಿ ಹೋಗತಾರ.’

ಹೇಳುವಾಗ ಸರ್ ನನ್ನ ಕಡೆ ನೋಡಲಿಲ್ಲ. ಆದರೂ ಅವ್ವನನ್ನು ನೆನೆದೇ ಹೇಳಿದರೆಂದು ನನಗೆ ಗೊತ್ತಾಯಿತು. ಆಮೇಲೆ ಕಿಸೆಯಿಂದ ಎರಡನೇ ಕೀಲಿ ತೆಗೆದು ಖಾಲಿ ಮೊಳೆಗೆ ಹಾಕಿದರು. ಸೈಕಲ್ಲೇ ಇಲ್ಲ, ಕೀಲಿ ಮಾತ್ರ. ಕಂಡವರೆಲ್ಲ ನಕ್ಕರು. ಅಪ್ಪನಂತೂ ಮಾಸ್ತರರಿಗೆ ತಲೆ ಕೆಟ್ಟಿದೆ ಎಂದ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸೈಕಲ್ ಗೇಟಿಗೆ ಒರಗಿ ನಿಂತಿತ್ತು. ಚಕ್ರದ ತುಂಬ ಕೆಂಪು ಮಣ್ಣು. ಮುಂದಿನ ಸರಳಿಗೆ ಟವೆಲ್ ಮಡಿಸಿ ಮೆತ್ತಗೆ ಸುತ್ತಿ ಕಟ್ಟಿದ್ದರು. ಸರ್ ಎಂದಿನಂತೆ ಒಂದು ಸುತ್ತು ಹಾಕಿದರು.

‘ಕಣಕುಂಬಿ ಘಟ್ಟದ ಕಡೆ ಹೋಗಿರಬೇಕು... ಸಣ್ಣ ಕೂಸನ್ನ ಮುಂದ ಕುಂದರಿಸಿಕೊಂಡಾರ.’

ಅದೂ ಸುಳ್ಳಿರಬಹುದು. ಆದರೆ ಯಾರು ಒಯ್ದಿದ್ದರೆಂದು ಅವರು ಯಾರನ್ನೂ ಕೇಳಲಿಲ್ಲ, ಆ ಟವೆಲ್ ಬಿಚ್ಚಲೂ ಇಲ್ಲ. ಮುಂದಿನ ವಾರ ಅವ್ವ ಅದೇ ಸೈಕಲ್ ಹತ್ತಿ ತವರಿಗೆ ಹೋಗಿಬಂದಳು.

ನಿನ್ನೆಯ ಸಭೆಯಲ್ಲಿ ಖಾನಾಪುರದ ಸ್ಟ್ಯಾಂಡಿನ ಮಾತು ಬಂತು. ಸೈಕಲ್ ಬೇಕೆಂದರೆ ಹೆಸರು, ಫೋನು, ಓಟಿಪಿ ಬೇಕು. ಮನೆಯಲ್ಲಿರುವ ಒಂದೇ ಫೋನು ಗಂಡನ ಕಿಸೆಯಲ್ಲಿದ್ದರೆ ಹೆಂಗಸು ಏನು ಮಾಡಬೇಕು? ಒಂದೆರಡು ಸೈಕಲ್ಲನ್ನಾದರೂ ಯಾರನ್ನೂ ಕೇಳದೆ ಒಯ್ಯುವ ಹಾಗೆ ಇಡೋಣ ಎಂದೆ.

‘ಕಳುವಾದ್ರ ಏನ್ ಮಾಡೂದ್ರಿ ಮೇಡಂ?’ ಎಂದರು ನಮ್ಮ ಹಿರಿಯ ಅಧಿಕಾರಿ.

‘ಎರಡನೇ ಕೀಲಿ ಮೊಳಿಗೆ ಹಾಕೂದ್ರಿ.’

ನಾನು ತಮಾಷೆ ಮಾಡಿದೆನೆಂದುಕೊಂಡು ಎಲ್ಲರೂ ನಕ್ಕರು. ಮಾತು ಮುಂದಿನ ವಿಷಯಕ್ಕೆ ಹೋಯಿತು. ಸರ್ ತೀರಿಕೊಂಡು ಬಹಳ ವರ್ಷಗಳಾದವು. ಹೋದ ವರ್ಷ ಅವ್ವನೂ ಹೋದಳು. ಆ ಮಾತಿಗೆ ನಗದೆ ಕೂರುತ್ತಿದ್ದವರು ಅವರಿಬ್ಬರೇ...