ಕಪ್ಪಾಗುವ ಎಣ್ಣೆ

ಇಬ್ರಾಹಿಂಪುರದ ರೈಲ್ವೆ ಗೇಟಿನ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಮಾಡುವ ಲಾಡಲೇಸಾಬ ಮೂವತ್ತು ವರ್ಷದ ಕಸುಬಿನಲ್ಲಿ ಗಳಿಸಿದ್ದು ಎರಡೇ: ಒಂದು ಸೊಂಟನೋವು, ಇನ್ನೊಂದು ಒಳ್ಳೆಯ ಹೆಸರು. ಸೊಂಟನೋವನ್ನು ಕಸಿಯಲು ಯಾರೂ ಬರಲಿಲ್ಲ. ಹೆಸರಿಗೆ ಕೈ ಹಾಕಿದವನು ಕಳ್ಳಕವಟಗಿಯ ದ್ರಾಕ್ಷಿ ಬೆಳೆಗಾರ ಅಮೋಘಿ.

ಅಮೋಘಿಯ ಟ್ರ್ಯಾಕ್ಟರಿಗೆ ಲಾಡಲೇಸಾಬ ಒಳ್ಳೆಯ ಇಂಜಿನ್ ಆಯಿಲ್ ತುಂಬಿ ಕಳಿಸಿದ್ದ. ನಾಲ್ಕೇ ದಿನಕ್ಕೆ ಅಮೋಘಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ತನ್ನ ಬಿಳಿ ಧೋತರಕ್ಕೆ ಒರೆಸಿ ನೋಡಿದ. ಕರ್ರಗೆ ಕಲೆ! ಅದೇ ಧೋತರದಲ್ಲಿ ಬಂದು, ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದ.

"ನೋಡ್ರೆಪಾ, ಹೊಸಾದು ಅಂತ ಹೇಳಿ ಸುಟ್ಟ ಎಣ್ಣಿ ಹಾಕ್ಯಾನ! ಲಾಡಲೇಸಾಬ ಕಳ್ಳ ಅದಾನ!"

"ಎಣ್ಣ್ಯಾಗ ತೊಳಿಯೋ ಔಷಧ ಕೂಡಿಸಿರ್ತಾರ್ರಿ," ಎಂದ ಲಾಡಲೇಸಾಬ. "ಇಂಜಿನ್ನಿನ ಮಸಿ ಕಿತ್ತು ತನ್ನ ಮೈಮ್ಯಾಲೆ ಹೊತ್ಕೊಂತೈತಿ, ಅದಕ್ಕ ಕರ್ರಗಾಗತೈತಿ. ಈ ಧೋತರ ಒಗದ ನೀರು ಬೆಳ್ಳಗಿರತೈತೇನ್ರಿ?"

ಸಾಬೂನು ಹಿಡಿದವರಿಗೆಲ್ಲ ತಿಳಿಯುವ ಮಾತು. ಆದರೆ ಧೋತರ ಒಗೆಯುವವಳು ಹೆಂಡತಿ ಸಾವಂತ್ರವ್ವ. ಅಮೋಘಿ ಆ ನೀರನ್ನು ಕಂಡವನೇ ಅಲ್ಲ.

ಅವನು ಬೇರೆ ಕಡೆಯಿಂದ ಔಷಧವಿಲ್ಲದ ಅಗ್ಗದ ಎಣ್ಣೆ ತಂದು ಹಾಕಿಸಿದ. ಬಹಳ ದಿನ ಅದು ಜೇನಿನಂತೆ ತಿಳಿಯಾಗಿತ್ತು. ಇರದೇನು? ಕೆಲಸ ಮಾಡದವರ ಅಂಗಿ ಯಾವಾಗಲೂ ಬೆಳ್ಳಗೇ! ಊರಿನವರೂ ಆ ಬಣ್ಣಕ್ಕೆ ಮರುಳಾದರು. ಲಾಡಲೇಸಾಬ ಗ್ಯಾರೇಜಿನಲ್ಲಿ ನೊಣ ಹೊಡೆಯುತ್ತ ಕೂತ.

ಮಳೆ ಬಿದ್ದು ದ್ರಾಕ್ಷಿಗೆ ರೋಗ ಕಾಲಿಟ್ಟ ದಿನವೇ, ಸ್ಪ್ರೇ ಹೊಡೆಯಬೇಕಾದ ಅಮೋಘಿಯ ಟ್ರ್ಯಾಕ್ಟರ್ ಜಾಮ್ ಆಗಿ ನಿಂತಿತು. ಎರಡು ಗ್ಯಾರೇಜಿನವರು ಕೈಚೆಲ್ಲಿದರು. ಕೊನೆಗೆ ಎಳೆದುಕೊಂಡು ಲಾಡಲೇಸಾಬನಲ್ಲಿಗೇ ಬರಬೇಕಾಯಿತು. ಬಿಚ್ಚಿದರೆ, ಅಗ್ಗದ ಎಣ್ಣೆ ಕೀಳದೆ ಬಿಟ್ಟ ಮಸಿ ಒಳಗೆಲ್ಲ ಡಾಂಬರಿನಂಥ ಕೆಸರಾಗಿತ್ತು. ಎಣ್ಣೆ ಹರಿಯುವ ದಾರಿ ಕಟ್ಟಿ ಬೇರಿಂಗು ಸವೆದುಹೋಗಿತ್ತು.

ಅಮೋಘಿ ಅತ್ತಿತ್ತ ನೋಡಿ ಪಿಸುಗುಟ್ಟಿದ: "ತಪ್ಪಾತ್ರಿ ಸಾಬರ."

ಲಾಡಲೇಸಾಬನಿಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. "ಬೈದದ್ದು ಚಹಾದಂಗಡ್ಯಾಗ. ತಪ್ಪಾತು ಅನ್ನೋದು ನನ್ನ ಕಿವ್ಯಾಗೇನ್ರಿ?"

"ಅಷ್ಟು ಮಂದ್ಯಾಗ ಹೇಳಿದ್ರ ನನ್ನ ಮರ್ಯಾದಿ ಏನಾಗಬೇಕ್ರಿ!"

ಲಾಡಲೇಸಾಬ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಬಿಚ್ಚಿದ ಇಂಜಿನ್ ಹಾಗೇ ಬಿಟ್ಟು, ಎದುರಿನ ಅಂಗಡಿಗೆ ಹೋಗಿ ಚಹಾ ಹೇಳಿ ಕೂತ. ಅಮೋಘಿ ಇಂಜಿನ್ ನೋಡಿದ, ಮತ್ತೆ ಕವಿಯುತ್ತಿದ್ದ ಮೋಡ ನೋಡಿದ. ಆಮೇಲೆ ಅಂಗಡಿಗೆ ಬಂದು, ತಲೆ ತಗ್ಗಿಸಿ, "ಲಾಡಲೇಸಾಬ ಕಳ್ಳ ಅಲ್ಲ," ಎಂದು ಗೊಣಗಿದ.

"ಅವತ್ತಿನಷ್ಟ ಜೋರ್‌ಲೆ ಹೇಳ್ರಿ," ಎಂದ ಲಾಡಲೇಸಾಬ.