ಒಲೆ ಹಚ್ಚುವ ತಾರೀಖು

ನನ್ನ ಓರಗಿತ್ತಿಯ ಬಲಗೈ ಹೆಬ್ಬೆರಳು ತುದಿಯಲ್ಲಿ ಹಿಂದಕ್ಕೆ ಬಾಗುತ್ತಿತ್ತು. ಫೋನಿನ ಮೇಲೆ ಆ ಬೆರಳನ್ನು ಒಮ್ಮೆ ಎಳೆದರೆ ಸಾಕು, ಎಷ್ಟುದ್ದದ ಪಟ್ಟಿಯಾದರೂ ಸರಸರನೆ ಓಡಿ ಕೊನೆಯ ಸಾಲಿಗೆ ಬಂದು ನಿಲ್ಲುತ್ತಿತ್ತು. ಅವಳು ಯಾವ ಪಟ್ಟಿಯನ್ನೂ ಮೇಲಿನಿಂದ ಓದಿದವಳಲ್ಲ. "ಮೇಲ್ಗಡೆ ಎಲ್ಲಾ ಸರಿಯಾಗೇ ಇರತ್ತೆ ಕಣೇ, ಕೊನೇ ಸಾಲು ನೋಡು, ಬಂಡವಾಳ ಗೊತ್ತಾಗತ್ತೆ" ಎನ್ನುತ್ತಿದ್ದಳು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ನನ್ನ ಹೆಬ್ಬೆರಳನ್ನೂ ಹಾಗೆ ಬಗ್ಗಿಸಲು ನೋಡಿದ್ದುಂಟು. ನೋವಾಯಿತೇ ಹೊರತು ಬಾಗಲಿಲ್ಲ.

ಬನಶಂಕರಿಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಇಬ್ಬರು, ಸೊಸೆಯರು ಇಬ್ಬರು. ಸೊಸೆಯರಿಬ್ಬರೂ ಮೊಬೈಲ್ ಆ್ಯಪ್ ಬರೆಯುವವರೇ. ಅವಳು ದೊಡ್ಡವಳು, ನಾನು ಚಿಕ್ಕವಳು. ಮದುವೆಯಾದ ಹೊಸತರಲ್ಲಿ ನಾನು ಊಟದ ಟೇಬಲ್ಲಿನ ಮೇಲೆ ಆಫೀಸಿನ ಕೆಲಸ ಹರಡಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದೆ. ಒಂದಷ್ಟು ತಾರೀಖುಗಳನ್ನು ಕ್ರಮವಾಗಿ ಜೋಡಿಸಬೇಕಿತ್ತು, ಅವು ಜೋಡಣೆಯಾಗುತ್ತಲೇ ಇರಲಿಲ್ಲ. ಅವಳು ಆರಿದ ಕಾಫಿ ಹಿಡಿದು ಹಿಂದೆ ಬಂದು ನಿಂತಳು. ಅವಳು ಕಾಫಿಯನ್ನು ಬಿಸಿಯಾಗಿ ಕುಡಿದದ್ದನ್ನು ನಾನು ಕಾಣೆ.

"ತಾರೀಖನ್ನ ಅಕ್ಷರ ಅಂದ್ಕೊಂಡು ಹೋಲಿಸಿದೀಯ. ಅದಕ್ಕೇ ಡಿಸೆಂಬರ್ ಒಂದು ಹೋಗಿ ಜನವರಿ ಎರಡರ ತಲೆ ಮೇಲೆ ಕೂತಿದೆ. ಮೊದ್ಲು ಅದನ್ನ ತಾರೀಖು ಮಾಡು, ಆಮೇಲೆ ಸಾಲಾಗಿ ನಿಲ್ಸು" ಎಂದು ಹೇಳಿ ಹೋದಳು. ಅಷ್ಟೇ. ಬೀಗಲಿಲ್ಲ, ನಗಲಿಲ್ಲ. ಬೀಗಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು.

ಅವಳಿಗೆ ಒಂದು ಸಾರು ಮಾಡಲು ಬರುತ್ತಿರಲಿಲ್ಲ. ಮಾಡಿದರೆ ನೀರು ಒಂದು ಕಡೆ, ಬೇಳೆ ಒಂದು ಕಡೆ. ಅತ್ತೆ ಅದನ್ನೂ ಸುರಿದುಕೊಂಡು, "ಪಾಪ, ಆಫೀಸಲ್ಲಿ ಎಷ್ಟು ಕೆಲಸವೋ" ಎನ್ನುತ್ತಿದ್ದರು. ನನ್ನ ಸಾರಿಗೆ ಸಿಗುತ್ತಿದ್ದ ಮಾತು ಒಂದೇ: "ಅಡುಗೆಯವರ ಮಗಳಲ್ವಾ, ಬರದೆ ಏನು?" ನನಗೂ ಆಫೀಸು ಇತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ.

ಹೌದು, ನನ್ನ ಅಪ್ಪ ಮದುವೆ ಮನೆಗಳ ಅಡುಗೆ ಕಾಂಟ್ರ್ಯಾಕ್ಟರ್. ಇಲ್ಲೇ ಹತ್ತಿರದ ಸಿದ್ದಾಪುರದಲ್ಲಿ ಮನೆ, ಮನೆಯ ಮುಂದೆ ಕೊಪ್ಪರಿಗೆಗಳ ಸಾಲು. ಶುಭಕಾರ್ಯಕ್ಕೆ ಮಾತ್ರ ಒಲೆ ಹಚ್ಚುವುದು, ತಿಥಿ ಊಟಕ್ಕೆ ಎಷ್ಟು ಕೊಟ್ಟರೂ ಇಲ್ಲ ಎಂಬುದು ಅವರ ಹಟ. ಬಾಯಿ ತುಂಬ ಹೊಗಳುವ ಅಭ್ಯಾಸವೂ ಅವರಿಗಿಲ್ಲ. ನಾನು ಇಂಜಿನಿಯರಿಂಗ್ ಪಾಸಾದ ದಿನ "ಹೂಂ, ಊಟ ಮಾಡು" ಎಂದಿದ್ದರು. ಒಂದು ಸಲವಾದರೂ ಆ ಬಾಯಲ್ಲಿ "ಚೆನ್ನಾಗಿದೆ" ಅನ್ನಿಸಬೇಕೆಂದು ನಾನು ಅವರಿಗೊಂದು ಆ್ಯಪ್ ಬರೆದುಕೊಟ್ಟೆ. ಒಪ್ಪಿಕೊಂಡ ಕೆಲಸಗಳೆಲ್ಲ ತಾರೀಖಿನ ಪ್ರಕಾರ ಒಂದರ ಕೆಳಗೊಂದು. ಪಾತ್ರೆ ಸಾಗಿಸುವ ವ್ಯಾನಿನ ಡ್ರೈವರ್ ಫೋನಿಗೂ ಹಾಕಿಕೊಟ್ಟೆ.

ಒಂದು ಭಾನುವಾರಕ್ಕೆ ಎರಡು ಕೆಲಸ ಬಿದ್ದವು. ಗೊಟ್ಟಿಗೆರೆಯಲ್ಲಿ ಬೆಳಗಿನ ಜಾವ ಗೃಹಪ್ರವೇಶ, ಜೆ.ಪಿ. ನಗರದ ಛತ್ರದಲ್ಲಿ ಹತ್ತು ಗಂಟೆಗೆ ಮುಹೂರ್ತ. ನನ್ನ ಆ್ಯಪ್ ಹೊತ್ತು ನೋಡಿ ಗೃಹಪ್ರವೇಶವನ್ನು ಮೇಲಿಟ್ಟಿತು. ಡ್ರೈವರ್ ಮೊದಲ ಸಾಲು ನೋಡಿ, ಶನಿವಾರ ಎಲ್ಲ ಪಾತ್ರೆ ತುಂಬಿಕೊಂಡು ಗೊಟ್ಟಿಗೆರೆಗೆ ಹೊರಟುಬಿಟ್ಟ. ನಮ್ಮಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ಆಗುತ್ತದಲ್ಲ! ಅತ್ತ ಛತ್ರಕ್ಕೆ ಜನ ಬರುವ ಹೊತ್ತು, ಇತ್ತ ವ್ಯಾನು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ. ಅಪ್ಪ ಇನ್ನೊಬ್ಬ ಅಡುಗೆಯವನ ಹತ್ತಿರ ಕೈಯೊಡ್ಡಿ ಕೊಪ್ಪರಿಗೆ ತಂದು ಮಾನ ಉಳಿಸಿಕೊಂಡರು.

ಸೋಮವಾರ ನಮ್ಮ ಮನೆಗೆ ಬಂದವರೇ ಫೋನನ್ನು ಟೇಬಲ್ಲಿನ ಮೇಲೆ ಕುಕ್ಕಿದರು. "ಲೇ, ಇದನ್ನ ಕಿತ್ ಬಿಸಾಕು. ಊರಿಗೆಲ್ಲಾ ಅಡುಗೆ ಮಾಡಿದೋನು ಪಾತ್ರೆ ಬೇಡೋ ಹಾಗಾಯ್ತು."

"ಅಪ್ಪಾ, ತಾರೀಖು ಸರಿಯಾಗೇ ಇದೆಯಲ್ಲಾ" ಎಂದೆ. ನಿಜವಾಗಿಯೂ ಸರಿಯಾಗಿಯೇ ಇತ್ತು.

ಓರಗಿತ್ತಿ ಫೋನೆತ್ತಿಕೊಂಡಳು. ಹೆಬ್ಬೆರಳು ಎಳೆಯಿತು, ಪಟ್ಟಿ ತುದಿಗೆ ಓಡಿತು. ಕೊಂಚ ಹೊತ್ತು ನೋಡಿ, "ಅಂಕಲ್, ಮದುವೆ ಯಾವತ್ತಾದ್ರೂ ಇರ್ಲಿ, ನೀವು ಒಲೆ ಹಚ್ಚೋದು ಯಾವಾಗ?" ಎಂದಳು.

"ಹಿಂದಿನ ದಿನ ಮಧ್ಯಾಹ್ನ ಕಣಮ್ಮ. ಗೃಹಪ್ರವೇಶಕ್ಕಾದ್ರೆ ಅವತ್ತೇ, ಕೋಳಿ ಕೂಗೋ ಹೊತ್ತಿಗೆ."

"ಹಾಗಾದ್ರೆ ಒಲೆ ಹಚ್ಚೋ ತಾರೀಖಿನ ಮೇಲೆ ಜೋಡಿಸೋಣ."

ಒಲೆಯ ಮುಂದೆ ಬೆಳೆದವಳು ನಾನು. ಒಲೆಯ ಮಾತು ಹೊಳೆದದ್ದು ಸಾರು ಮಾಡಲು ಬಾರದ ಅವಳಿಗೆ. ಹೊಟ್ಟೆ ಉರಿದುಹೋಯಿತು. ಅವಳು ಅಲ್ಲೇ ಕುಳಿತು ಪ್ರತಿ ಕೆಲಸಕ್ಕೂ ಇನ್ನೊಂದು ತಾರೀಖು ಸೇರಿಸಿ, ಅದರ ಪ್ರಕಾರ ಪಟ್ಟಿ ಜೋಡಿಸಿದಳು. ಕಾರ್ಯ ಯಾವುದು ಎಂದು ಆರಿಸುವ ಕಡೆ ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ ಇದ್ದವು. ಅವುಗಳ ಕೆಳಗೆ 'ಇತರೆ' ಎಂದು ಹಾಕಿದಳು.

"ಇತರೆ ಯಾಕಮ್ಮ? ಬೇರೆ ಏನೂ ಮಾಡಲ್ಲ ನಾನು."

"ಇರ್ಲಿ ಬಿಡಿ ಅಂಕಲ್. ಕೊನೇಲಿ ಅದೊಂದು ಇರ್ಬೇಕು."

ಅಪ್ಪ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿ ನೋಡಿ, "ಚೆನ್ನಾಗಿದೆ ಕಣಮ್ಮ ಮಗಳೇ" ಎಂದರು. ಚೆನ್ನಾಗಿದೆ! ಅದರ ಮೇಲೆ ಮಗಳೇ! ಹುಟ್ಟಿದಾಗಿನಿಂದ ನನಗೆ 'ಲೇ'. ಅಂದಿನಿಂದ ಆ್ಯಪಿಗೆ ಏನೇ ಆಗಲಿ, ಫೋನು ನೇರವಾಗಿ ಅವಳಿಗೇ. ಪಕ್ಕದ ಕೋಣೆಯಿಂದ "ಹೇಳಿ ಅಂಕಲ್" ಎಂಬ ದನಿ ಕೇಳಿದರೆ ನಾನು ಮಿಕ್ಸಿ ಹಾಕುತ್ತಿದ್ದೆ.

ಹೋದ ವರ್ಷ ಜ್ವರವೆಂದು ಆಸ್ಪತ್ರೆ ಸೇರಿದ ಅವಳು ಮನೆಗೆ ಬರಲಿಲ್ಲ. ಹೀಗೆ ಒಂದೇ ಸಾಲಿನಲ್ಲಿ ಬರೆಯುವುದಷ್ಟೇ ನನ್ನಿಂದಾಗುವುದು.

ಅಪ್ಪ ಬಂದು ಜಗಲಿಯ ಮೇಲೆ ಕುಳಿತರು. ಹನ್ನೊಂದನೆಯ ದಿನದ ಊಟಕ್ಕೆ ಯಾರನ್ನೋ ಗೊತ್ತುಮಾಡಿದ್ದೇವೆ ಎಂದೆ.

"ಬೇರೆಯವರು ಬೇಡ. ನಾನೇ ಮಾಡ್ತೀನಿ."

"ಅಪ್ಪಾ, ನೀವು ತಿಥಿ ಊಟಕ್ಕೆ..."

"ಗೊತ್ತು, ಸುಮ್ನಿರು." ಫೋನು ತೆಗೆದರು. ಮದುವೆ, ಸೀಮಂತಗಳನ್ನು ದಾಟಿ ಅವರ ಬೆರಳು ನಿಧಾನವಾಗಿ ಕೆಳಗಿಳಿಯಿತು. ಕೊನೆಯ ಸಾಲಿನಲ್ಲಿ 'ಇತರೆ' ಇತ್ತು. ಅದನ್ನು ಒತ್ತಿ, ಒಲೆ ಹಚ್ಚುವ ತಾರೀಖು ತುಂಬಿದರು. ಅವಳ ಹೆಸರಿನ ಸಾಲು ಎಲ್ಲ ಮದುವೆಗಳನ್ನೂ ಹಿಂದಕ್ಕೆ ತಳ್ಳಿ ಪಟ್ಟಿಯ ತಲೆಗೆ ಬಂದು ನಿಂತಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ನನ್ನ ಮದುವೆಯಲ್ಲಿ ಅಪ್ಪ ಸೌಟು ಮುಟ್ಟಲಿಲ್ಲ, ಧಾರೆ ಎರೆಯುವವರು ಒಲೆಯ ಹತ್ತಿರ ಹೋಗುವಂತಿರಲಿಲ್ಲ. ಅವಳಿಗೆ ಮಾತ್ರ ತಾವೇ ನಿಂತು ಬೇಯಿಸಿದರು. ಹೊಗೆಯಲ್ಲಿ ನಿಂತ ಅವರನ್ನು ನೋಡಿ ನನಗೂ ಅಳು ಬಂತು. ಅಳುವಾಗಲೂ ಹೊಟ್ಟೆಕಿಚ್ಚು ಹೋಗಿರಲಿಲ್ಲ.

ಮೊನ್ನೆ ಅಪ್ಪನ ಫೋನು ಬಂತು. "ಮಗಳೇ, ಈ ಪಟ್ಟಿ ಯಾಕೋ ತೆರ್ಕೊತಿಲ್ಲ, ನೋಡಮ್ಮ."

ಕೇಳಬೇಕೆಂದು ಅಷ್ಟು ವರ್ಷ ಕಾದ ಮಾತು. ಆ ಫೋನು ಈಗಲೂ ಪಕ್ಕದ ಕೋಣೆಯ ಅವಳಿಗೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. "ಹೇಳಿ ಅಪ್ಪಾ" ಎಂದು, ನನ್ನ ಫೋನಿನಲ್ಲಿ ಅದೇ ಪಟ್ಟಿ ತೆರೆದು, ಹೆಬ್ಬೆರಳು ಎಳೆದು ಕೊನೆಯ ಸಾಲಿಗೆ ಹೋದೆ.