ಟ್ಯಾಂಕ್ ಒಡೆಯುವ ಗುಂಡಿಗೆ ಎಡೆ

ಹಾಸನದಿಂದ ಬೆಳಿಗ್ಗೆ ಹೊರಟ ಬಸ್ಸು ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಜಡಿಮಳೆ ಹಿಡಿದಿತ್ತು. ಕಿಟಕಿಯ ಗಾಜು ಜಗ್ಗಲಿಲ್ಲ, ನನ್ನ ಎಡತೋಳು ಪೂರ್ತಿ ನೆನೆಯಿತು. ವಾಯುಪಡೆಯಲ್ಲಿ ವಿಮಾನಗಳಿಗೆ ಮದ್ದುಗುಂಡು ತುಂಬುವ ಕೆಲಸ ಮಾಡಿ ನಿವೃತ್ತನಾದವನು ನಾನು. ಗುಂಡು ನೋಡಲೆಂದೇ ಪ್ರಯಾಣ ಹೊರಟದ್ದು ಇದೇ ಮೊದಲು. ಅರಕಲಗೂಡು ರಸ್ತೆಯ ಹಳ್ಳಿಯೊಂದರ ನನ್ನ ಪರಿಚಯದ ಮಂಜೇಗೌಡ ಹಿಂದಿನ ದಿನ ಫೋಟೋ ಕಳಿಸಿದ್ದ. ದೇವರ ಗೂಡಿನಲ್ಲಿ ಕುಂಕುಮ ಹಚ್ಚಿದ, ಗೇಣಿಗಿಂತ ಉದ್ದದ ಹಿತ್ತಾಳೆ ಗುಂಡು, ಅದರ ಮುಂದೆ ಉರಿಯುವ ದೀಪ. ಆ ದೀಪ ಕಂಡ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಆರಿದ ಇಡ್ಲಿ ತಿಂದೆ. ಮಂಜೇಗೌಡ ಬೈಕು ತಂದ.

"ಅಜ್ಜಿಯವ್ರಪ್ಪ ಬರ್ಮಾ ಯುದ್ಧಕ್ಕೋಗಿ ಅಲ್ಲೇ ತೀರ್ಕಂಡ್ರು ಸಾ. ಜೊತೆಗಿದ್ದೋರು ಈ ಗುಂಡು ತಂದ್ಕೊಟ್ರಂತೆ. ಟ್ಯಾಂಕ್ ಒಡಿಯೋದು. ಮನುಷ್ಯರಿಗೇನೂ ಮಾಡಕಿಲ್ಲ. ನಮ್ಮ ನೀರುಗಂಟಿಗೆ ಮಾತ್ರ ಭಯ, ನೀರಿನ ಟ್ಯಾಂಕ್ ತಾವ ತರ್ಬ್ಯಾಡಿ ಅಂತಾನೆ."

ನಾನು ಜೋರಾಗಿ ನಕ್ಕುಬಿಟ್ಟೆ. ಮನೆಯೊಳಗೆ ಹೋದ ಮೇಲೆ ನಗು ನಿಂತಿತು. ಗೂಡಿನ ಕೆಳಗೇ ಮಂಜೇಗೌಡನ ಹಸುಗೂಸು ಮಲಗಿತ್ತು. ಗುಂಡಿನ ಬುಡದ ಬಿಲ್ಲೆಯ ಮೇಲೆ ಪೆಟ್ಟಿನ ಗುರುತಿರಲಿಲ್ಲ, ಎಂದರೆ ಅದು ಹಾರಿದ ಗುಂಡಲ್ಲ, ಮದ್ದು ಇನ್ನೂ ಒಳಗೇ ಇದೆ. ತುದಿಯಲ್ಲಿ, ತಾಗಿದೊಡನೆ ಮದ್ದು ಸಿಡಿಸುವ ಮೊಳೆಯೂ ಹಾಗೇ ಇತ್ತು. ಮೊದಲು ದೀಪ ಆರಿಸಿದೆ.

ಆ ಯುದ್ಧದಲ್ಲಿ ವಿಮಾನದ ರೆಕ್ಕೆಗಳಡಿ ಒಂದೊಂದು ತೋಪು ಕಟ್ಟಿ, ಉಕ್ಕಿನ ಟ್ಯಾಂಕು ಒಡೆಯುತ್ತಿದ್ದರು. ತೋಪು ಹಾರಿದರೆ ವಿಮಾನದ ಮೂತಿಯೇ ಕೆಳಗೆ ಬಾಗುತ್ತಿತ್ತು. ಬರ್ಮಾದ ಕಾಡಿನಲ್ಲಿ ಟ್ಯಾಂಕು ಸಿಕ್ಕಿದ್ದೇ ಅಪರೂಪ. ಹೊಡೆದದ್ದು ಹೆಚ್ಚಾಗಿ ದೋಣಿಗಳಿಗೆ, ಲಾರಿಗಳಿಗೆ, ಅವುಗಳಲ್ಲಿ ಕೂತ ಜನಕ್ಕೆ. ಇದನ್ನೆಲ್ಲ ಬಿಡಿಸಿ ಹೇಳಿ, ಪೊಲೀಸರಿಗೆ ತಿಳಿಸಲೇಬೇಕು ಎಂದೆ.

ಅಜ್ಜಿ ನಿಂಗಮ್ಮ ಗೂಡಿಗೆ ಬೆನ್ನು ಕೊಟ್ಟು ನಿಂತರು. "ನಾನು ಒಟ್ಟೇಲಿದ್ದಾಗ ಓದ ನಮ್ಮಪ್ಪ. ಮಕ ನೋಡ್ಲಿಲ್ಲ, ಎಣ ಬರ್ಲಿಲ್ಲ. ವರ್ಷಾವರ್ಷ ಪಿತೃಪಕ್ಷದಲ್ಲಿ ಎಡೆ ಇಕ್ಕದು ಇದ್ಕೇ. ನಮ್ಮಪ್ಪನ್ನ ಪೊಲೀಸಿಗ್ ಕೊಡ್ತೀಯಾ?"

ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ನಿಂಗಮ್ಮ ಅದನ್ನು ನೋಡಿದರು, ಗುಂಡನ್ನು ನೋಡಿದರು. ಕೂಸನ್ನು ಎತ್ತಿಕೊಂಡು ಹೊರಗೆ ನಡೆದರು.

ಪೊಲೀಸರು ಬಂದು ಮನೆ ಖಾಲಿ ಮಾಡಿಸಿದರು. ಆ ರಾತ್ರಿ ಮನೆಮಂದಿಯೆಲ್ಲ ನೆಂಟರ ಮನೆಯಲ್ಲಿ, ನಾನು ಹೊಳೆನರಸೀಪುರದ ಲಾಡ್ಜಿನಲ್ಲಿ. ಮರುದಿನ ಮಧ್ಯಾಹ್ನ ಚನ್ನರಾಯಪಟ್ಟಣದ ದಾರಿಯಾಗಿ ಬಾಂಬ್ ನಿಷ್ಕ್ರಿಯ ದಳದ ಜೀಪು ಬಂತು. ಊರಾಚೆಯ ಗೋಮಾಳದಲ್ಲಿ ಗುಂಡಿ ತೋಡಿದರು. ಮಳೆ ಬಿಟ್ಟಿತ್ತು, ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಅಜ್ಜಿಯನ್ನು ಹತ್ತಿರ ಬಿಡಲಿಲ್ಲ. ಅವರು ನನ್ನನ್ನು ಕರೆದು, "ತಲೆ ದಕ್ಷಿಣಕ್ ಮಾಡಿ ಮಲಗ್ಸಕ್ ಯೋಳಪ್ಪ" ಎಂದರು. ನಾನು ಹೋಗಿ ಹೇಳಿದೆ. ದಳದ ಅಧಿಕಾರಿ, ಸೂರ್ಯ ಎಲ್ಲಿದ್ದಾನೆಂದು ಒಮ್ಮೆ ಆಕಾಶ ನೋಡಿ, ಗುಂಡಿನ ತುದಿಯನ್ನು ದಕ್ಷಿಣಕ್ಕೆ ತಿರುಗಿಸಿ ಮಲಗಿಸಿದ. ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸಿತು.

ಗುಂಡು ಸಿಡಿದ ಸದ್ದಿಗೆ ಊರಿನ ನಾಯಿಗಳೆಲ್ಲ ಬೊಗಳಿದವು. ಮಣ್ಣು ಮೇಲೆದ್ದು ಬಿತ್ತು.

ನಿಂಗಮ್ಮ ಸೀದಾ ಮನೆಗೆ ಬಂದು ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ಮೊಮ್ಮಗನಿಗೆ, "ಒಲೆ ಅಚ್ಚಬ್ಯಾಡ್ರಿ, ಸೂತಕ" ಎಂದು ಜಗುಲಿಯಲ್ಲಿ ಕೂತರು. ಹುಟ್ಟಿದಾಗಿನಿಂದ ಕಾದಿದ್ದ ಅಳು ಆಗ ಬಂತು.

ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿ, "ಬರ್ತೀನಿ ಅವ್ವಾ" ಎಂದೆ.

"ಅಂಗನ್ಬ್ಯಾಡ ಕಣಪ್ಪ," ಎಂದರು, ಕಣ್ಣೊರೆಸದೆ. "ಸಾವಿನ್ ಮನೆಯಿಂದ ಬತ್ತೀನಿ ಅನ್ಬಾರ್ದು. ಸುಮ್ಕೆ ಓಗು."

ನಾನು ಸುಮ್ಮನೆ ಹೊರಟೆ. ರಸ್ತೆಯ ತಿರುವಿನಲ್ಲೂ ಹಿಂದಿರುಗಿ ನೋಡಲಿಲ್ಲ.